ಅಫೀಮು, ಔಷಧ ಮತ್ತು ಅಹಿಂಸೆ

ಮಾರ್ಫಿನ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ‘ಅದು ಅಫೀಮು, ಮಾದಕ ದ್ರವ್ಯ, ಶ್ರಾವಕರ ಮನೆಯ ಹೊಸ್ತಿಲು ದಾಟಬಾರದ ವಸ್ತು’ ಎಂದು ತೀರ್ಪು ಕೊಟ್ಟುಬಿಡುವವರು ಸಮಾಜದಲ್ಲಿ ಇದ್ದಾರೆ. ಕ್ಯಾನ್ಸರ್ ಮೂಳೆಗಳವರೆಗೆ ಹಬ್ಬಿ, ಮಗ್ಗುಲು ಬದಲಿಸಲೂ ಆಗದೆ ನರಳುವ ವೃದ್ಧರಿಗೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ತಡೆಹಿಡಿದು, ಹಾಗೆ ತಡೆಹಿಡಿದದ್ದನ್ನೇ ವ್ರತಪಾಲನೆಯೆಂದು ಬಗೆಯುವವರೂ ಇದ್ದಾರೆ. ಅದು ವ್ರತಪಾಲನೆಯಲ್ಲ, ಅಜ್ಞಾನದಿಂದ ನಡೆಯುವ ಹಿಂಸೆ. ಇನ್ನೊಂದು ಕಡೆ, ಅದೇ ವರ್ಗದ ಔಷಧಗಳನ್ನು ಅಗತ್ಯವಿಲ್ಲದವರಿಗೂ ಮಾರಿ ಹಣ ಕೂಡಿಸಿದ ವ್ಯಾಪಾರಿಗಳು ಜಗತ್ತಿನಲ್ಲಿದ್ದಾರೆ. ‘ಪರವಾನಗಿ ಇದೆ, ತೆರಿಗೆ ಕಟ್ಟಿದೆ, ಔಷಧವೇ ತಾನೆ’ ಎಂಬುದು ಅವರ ಸಮಾಧಾನ. ಅದೂ ಹಿಂಸೆಯೇ. ಮೊದಲಿನವರು ಬೇಕಾದವರಿಗೆ ಕೊಡಲಿಲ್ಲ. ಎರಡನೆಯವರು ಬೇಡವಾದವರಿಗೆ ಕೊಟ್ಟರು. ಈ ದ್ರವ್ಯವು ಮನುಷ್ಯನ ಮಿದುಳಿನಲ್ಲಿ ಮತ್ತು ದೇಹದಲ್ಲಿ ಏನು ಮಾಡುತ್ತದೆಂಬುದನ್ನು ತಿಳಿಯದಿರುವುದು, ಅಥವಾ ತಿಳಿದೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು, ಇಬ್ಬರ ತಪ್ಪಿಗೂ ಮೂಲ. ಆದುದರಿಂದ ಆ ತಿಳಿವಳಿಕೆಯಿಂದಲೇ ವಿಚಾರವನ್ನು ಆರಂಭಿಸುವುದು ಉಚಿತ.

ಗಸಗಸೆಯ ಗಿಡ

ಹಬ್ಬದ ದಿನ ಕರ್ನಾಟಕದ ಮನೆಗಳಲ್ಲಿ ಪಾಯಸಕ್ಕೆ ಅರೆಯುವ ಗಸಗಸೆಯೂ ಅಫೀಮೂ ಒಂದೇ ಗಿಡದವು. ಗಸಗಸೆಯು ಅದರ ಬೀಜ. ಬೀಜದೊಳಗೆ ಮಾದಕಾಂಶವು ಇಲ್ಲವೆಂಬಷ್ಟು ಅತ್ಯಲ್ಪ. ಹಸಿಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಕಂದುಬಣ್ಣದ ಅಂಟಾಗುತ್ತದೆ, ಅದೇ ಅಫೀಮು. ಅದರಲ್ಲಿರುವ ಮುಖ್ಯ ಸಾರವನ್ನು ಜರ್ಮನಿಯ ಔಷಧ ತಯಾರಕ ಸೆರ್ಟ್ಯೂರ್ನರ್ 19ನೆಯ ಶತಮಾನದ ಆರಂಭದಲ್ಲಿ ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನ ಹೆಸರಿಟ್ಟನು. ಕೆಮ್ಮಿನ ಔಷಧಗಳಲ್ಲಿ ಬಳಕೆಯಾಗುವ ಕೋಡೀನ್ ಕೂಡ ಇದೇ ಅಫೀಮಿನಲ್ಲಿದೆ. ಅದು ಯಕೃತ್ತಿನಲ್ಲಿ ಮಾರ್ಫಿನ್ ಆಗಿ ಮಾರ್ಪಟ್ಟೇ ಬಹುಪಾಲು ಕೆಲಸ ಮಾಡುತ್ತದೆ. ಮಾರ್ಫಿನನ್ನು ರಾಸಾಯನಿಕವಾಗಿ ಮಾರ್ಪಡಿಸಿದರೆ ಹೆರಾಯಿನ್. ಇದನ್ನು 1898ರಲ್ಲಿ ಜರ್ಮನಿಯ ಬೇಯರ್ ಕಂಪನಿಯು ಕೆಮ್ಮಿನ ಔಷಧವೆಂದು ಮಾರುಕಟ್ಟೆಗೆ ತಂದಿತ್ತು. ಗಿಡದ ಹಂಗಿಲ್ಲದೆ ಕಾರ್ಖಾನೆಯಲ್ಲಿ ತಯಾರಾಗುವ ಫೆಂಟನಿಲ್ ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ತೀಕ್ಷ್ಣವಾದುದು. ಟ್ರಮಡಾಲ್, ಟಪೆಂಟಡಾಲ್, ಆಕ್ಸಿಕೋಡೋನ್, ಮೆಥಡೋನ್, ಬುಪ್ರಿನಾರ್ಫಿನ್ ಎಲ್ಲವೂ ಈ ಕುಲಕ್ಕೆ ಸೇರಿದವು. ವೈದ್ಯಶಾಸ್ತ್ರವು ಈ ಇಡೀ ಕುಲವನ್ನು ಓಪಿಯಾಯ್ಡ್ ಎಂಬ ಹೆಸರಿನಿಂದ ಕರೆಯುತ್ತದೆ.

ಹೀಗಿರುವಾಗ ಮಾರ್ಫಿನ್ ಮಾತ್ರೆಗೆ ಬೆಚ್ಚಿಬೀಳುವ ಮನೆಯ ಕಪಾಟಿನಲ್ಲೇ ಕೋಡೀನ್ ಬೆರೆತ ಕೆಮ್ಮಿನ ಸಿರಪ್ಪಿನ ಬಾಟಲಿಯೋ, ಮಂಡಿನೋವಿಗೆಂದು ತಂದ ಟ್ರಮಡಾಲ್ ಪಟ್ಟಿಯೋ ನಿಶ್ಚಿಂತೆಯಾಗಿ ಇರುವ ಸಾಧ್ಯತೆಯುಂಟು. ಹೆಸರಿಗೆ ಹೆದರುವವರು ವಸ್ತುವನ್ನು ಗುರುತಿಸಲಾರರು.

ಮಿದುಳಿನ ಬೀಗ ಮತ್ತು ಕೀಲಿಕೈ

ಗಿಡವೊಂದರ ಹಾಲು ಮನುಷ್ಯನ ನೋವನ್ನು ಹೇಗೆ ಅಡಗಿಸುತ್ತದೆ? 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ಹಾಗೂ ಪ್ರತ್ಯೇಕವಾಗಿ ಸಂಶೋಧನೆ ನಡೆಸುತ್ತಿದ್ದ ಇತರ ವಿಜ್ಞಾನಿಗಳು, ಮಿದುಳಿನ ನರಕೋಶಗಳ ಮೇಲೆ ಈ ದ್ರವ್ಯಗಳಿಗೆ ಸರಿಹೊಂದುವ ಗ್ರಾಹಿಗಳಿವೆಯೆಂದು ತೋರಿಸಿಕೊಟ್ಟರು. ಬೀಗಕ್ಕೆ ಕೀಲಿಕೈ ಕೂಡುವಂತೆ ಮಾರ್ಫಿನ್ ಈ ಗ್ರಾಹಿಗಳಿಗೆ ಕೂಡುತ್ತದೆ. ಗಿಡದ ರಸಕ್ಕಾಗಿ ಪ್ರಕೃತಿಯು ಮಿದುಳಿನಲ್ಲಿ ಬೀಗಗಳನ್ನು ಮಾಡಿಟ್ಟಿರಲಾರದು. ದೇಹದ್ದೇ ಆದ ಕೀಲಿಕೈ ಇರಲೇಬೇಕು. ಅದು 1975ರಲ್ಲಿ ಸಿಕ್ಕಿತು. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಜ್ ಮಿದುಳಿನಿಂದಲೇ ಎನ್ಕೆಫಾಲಿನ್ ಎಂಬ ಪದಾರ್ಥವನ್ನು ಬೇರ್ಪಡಿಸಿದರು. ಆ ಬಳಿಕ ಎಂಡಾರ್ಫಿನ್ ಮೊದಲಾದವು ತಿಳಿದುಬಂದವು. ನೋವನ್ನು ಹದದಲ್ಲಿಡಲು ಪ್ರತಿಯೊಂದು ಮಾನವದೇಹವೂ, ಪರಮ ವ್ರತನಿಷ್ಠರ ದೇಹವೂ, ಈ ಜಾತಿಯ ಪದಾರ್ಥವನ್ನು ತನ್ನೊಳಗೆ ತಾನೇ ತಯಾರಿಸಿಕೊಳ್ಳುತ್ತದೆ.

ಗಾಯಗೊಂಡ ಜಾಗದಿಂದ ಹೊರಟ ನೋವಿನ ಸಂದೇಶವು ನರತಂತುಗಳ ಮೂಲಕ ಬೆನ್ನುಹುರಿಗೆ ಬಂದು, ಅಲ್ಲಿ ಇನ್ನೊಂದು ನರಕೋಶಕ್ಕೆ ವರ್ಗಾವಣೆಗೊಂಡು ಮಿದುಳಿಗೆ ಏರುತ್ತದೆ. ಮಾರ್ಫಿನ್ ಈ ವರ್ಗಾವಣೆಯ ಕಟ್ಟೆಯಲ್ಲೇ ತಡೆಯೊಡ್ಡುತ್ತದೆ. ಸಂದೇಶ ಕೊಡುವ ಕೋಶದೊಳಕ್ಕೆ ಕ್ಯಾಲ್ಸಿಯಂ ಹರಿಯದಂತೆ ಮಾಡಿ ಅದರ ದನಿಯನ್ನು ತಗ್ಗಿಸುತ್ತದೆ. ಪಡೆಯುವ ಕೋಶದಿಂದ ಪೊಟ್ಯಾಸಿಯಂ ಹೊರಹೋಗುವಂತೆ ಮಾಡಿ ಅದನ್ನು ಶಾಂತಗೊಳಿಸುತ್ತದೆ. ಮಿದುಳಿನ ಕಾಂಡದಿಂದ ಕೆಳಗಿಳಿದು ನೋವನ್ನು ಹತೋಟಿಯಲ್ಲಿಡುವ ಸಹಜ ವ್ಯವಸ್ಥೆಗೂ ಬಲ ಕೊಡುತ್ತದೆ. ನೋವಿನೊಂದಿಗೆ ಬೆಸೆದುಕೊಂಡ ಕಳವಳ, ಭೀತಿಗಳನ್ನು ಅದು ಸಡಿಲಿಸುವುದರಿಂದ ‘ನೋವು ಇದೆ, ಆದರೆ ಕಾಡುತ್ತಿಲ್ಲ’ ಎಂದು ರೋಗಿಗಳು ಹೇಳುವುದುಂಟು.

ಇದೇ ಗ್ರಾಹಿಗಳು ದೇಹದ ಬೇರೆಡೆಗಳಲ್ಲೂ ಇರುವುದರಿಂದ ಮದ್ದಿನ ಪರಿಣಾಮವು ನೋವಿಗೆ ಮಾತ್ರ ಸೀಮಿತವಾಗದು. ಕರುಳಿನ ಚಲನೆ ಕುಗ್ಗಿ ಮಲಬದ್ಧತೆಯುಂಟಾಗುತ್ತದೆ. ಭೇದಿಗೆ ಕೊಡುವ ಲೊಪೆರಮೈಡ್ ಮಾತ್ರೆಯೂ ಕರುಳಿನ ಈ ಗ್ರಾಹಿಗಳ ಮೇಲೆಯೇ ಕೆಲಸ ಮಾಡುತ್ತದೆ. ಸಾಮಾನ್ಯ ಪ್ರಮಾಣದಲ್ಲಿ ಅದು ಮಿದುಳನ್ನು ಪ್ರವೇಶಿಸದಾದುದರಿಂದ ಮಾದಕವಾಗದು. ಮಾರ್ಫಿನ್ ಸೇವನೆಯ ಮೊದಲ ದಿನಗಳಲ್ಲಿ ವಾಕರಿಕೆ, ತೂಕಡಿಕೆ, ಕೆಲವರಿಗೆ ತುರಿಕೆ ಕಾಣಿಸುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ ಕುಗ್ಗುತ್ತದೆ. ದೀರ್ಘಕಾಲ ಸೇವಿಸಿದರೆ ಲೈಂಗಿಕ ಹಾರ್ಮೋನುಗಳು ತಗ್ಗುತ್ತವೆ.

ಎಲ್ಲಕ್ಕಿಂತ ಗಂಭೀರವಾದುದು ಉಸಿರಿನ ಮೇಲಿನ ಪರಿಣಾಮ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ‘ಉಸಿರಾಡು’ ಎಂದು ಆಜ್ಞೆ ಕೊಡುವ ಕೇಂದ್ರವು ಮಿದುಳಿನ ಕಾಂಡದಲ್ಲಿದೆ. ಅತಿಪ್ರಮಾಣದ ಓಪಿಯಾಯ್ಡ್ ಈ ಕೇಂದ್ರವನ್ನು ಮಂಕಾಗಿಸುತ್ತದೆ. ಮನುಷ್ಯನು ಉಸಿರಿಗಾಗಿ ಒದ್ದಾಡುವುದಿಲ್ಲ, ಉಸಿರಾಡುವುದನ್ನೇ ಮರೆಯುತ್ತಾನೆ. ಮದ್ಯ ಅಥವಾ ನಿದ್ರೆಮಾತ್ರೆ ಜೊತೆಗೂಡಿದರೆ ಈ ಅಪಾಯ ಮತ್ತಷ್ಟು ಹೆಚ್ಚುತ್ತದೆ. ನಲಾಕ್ಸೋನ್ ಎಂಬ ಪ್ರತ್ಯೌಷಧವು ಓಪಿಯಾಯ್ಡನ್ನು ಗ್ರಾಹಿಗಳಿಂದ ಹೊರದೂಡಿ, ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲದು. ಆದರೆ ಅದರ ಪ್ರಭಾವವು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಇಳಿಯುವುದರಿಂದ, ಚೇತರಿಸಿಕೊಂಡಂತೆ ಕಂಡವರನ್ನೂ ಆಸ್ಪತ್ರೆಗೆ ಒಯ್ಯಲೇಬೇಕು.

ಸಹನಶಕ್ತಿ, ಅವಲಂಬನೆ, ವ್ಯಸನ

ಸಮಾಜದ ಭೀತಿಯೆಲ್ಲ ಹುಟ್ಟುವುದು ಮೂರು ಬೇರೆಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿಯುವುದರಿಂದ. ಅವನ್ನು ಬಿಡಿಸಿ ನೋಡಬೇಕು.

ಮೊದಲನೆಯದು ಸಹನಶಕ್ತಿ. ಒಂದೇ ಪ್ರಮಾಣದ ಮದ್ದನ್ನು ಮತ್ತೆಮತ್ತೆ ಕೊಟ್ಟಾಗ ಗ್ರಾಹಿಗಳು ಮೊದಲಿನಂತೆ ಸ್ಪಂದಿಸುವುದಿಲ್ಲ. ಅದೇ ಫಲಕ್ಕೆ ಹೆಚ್ಚು ಮದ್ದು ಬೇಕಾಗಬಹುದು. ವಾಕರಿಕೆ, ತೂಕಡಿಕೆಗಳಿಗೆ ದೇಹ ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಮಲಬದ್ಧತೆಗೆ ಮಾತ್ರ ಹೊಂದಿಕೊಳ್ಳುವುದಿಲ್ಲ. ಆದುದರಿಂದಲೇ ಬಲ್ಲ ವೈದ್ಯರು ಮಾರ್ಫಿನ್ ಜೊತೆಗೆ ವಿರೇಚಕವನ್ನೂ ಬರೆಯುತ್ತಾರೆ.

ಎರಡನೆಯದು ದೈಹಿಕ ಅವಲಂಬನೆ. ಮದ್ದು ಕೋಶಗಳ ದನಿಯನ್ನು ತಗ್ಗಿಸುತ್ತಿದ್ದಂತೆ ಕೋಶಗಳು ತಮ್ಮ ಒಳಯಂತ್ರವನ್ನು ಏರಿಸಿಕೊಂಡು ಸಮತೋಲನ ಸಾಧಿಸುತ್ತವೆ. ಮದ್ದನ್ನು ಥಟ್ಟನೆ ನಿಲ್ಲಿಸಿದರೆ ಆ ಏರಿದ ಯಂತ್ರವು ತಡೆಯಿಲ್ಲದೆ ಓಡುತ್ತದೆ. ಮಿದುಳಿನ ಕಾಂಡದಲ್ಲಿ ನಾರ್‌ಅಡ್ರಿನಲಿನ್ ಸ್ರವಿಸುವ ಕೋಶಗಳು ಕೆರಳಿ ಬೆವರು, ರೋಮಾಂಚನ, ಮೂಗು-ಕಣ್ಣುಗಳಲ್ಲಿ ನೀರು, ಆಕಳಿಕೆ, ಭೇದಿ, ಮೈಕೈ ನೋವು, ನಿದ್ರಾನಾಶ ಎಲ್ಲವೂ ಒಟ್ಟಿಗೆ ಬರುತ್ತವೆ. ಹೆರಾಯಿನ್ ಬಿಟ್ಟವರಲ್ಲಿ ಇದು ಅರ್ಧ ದಿನದೊಳಗೆ ಆರಂಭವಾಗಿ, ಎರಡು ಮೂರು ದಿನಗಳಲ್ಲಿ ತುದಿಮುಟ್ಟಿ, ಸುಮಾರು ಒಂದು ವಾರದಲ್ಲಿ ಇಳಿಯುತ್ತದೆ. ವಾರಗಟ್ಟಲೆ ಮಾರ್ಫಿನ್ ತೆಗೆದುಕೊಂಡ ಯಾವ ರೋಗಿಯ ದೇಹದಲ್ಲೂ ಅವಲಂಬನೆ ಬೆಳೆಯಬಹುದು. ಪ್ರಮಾಣವನ್ನು ಹಂತಹಂತವಾಗಿ ಇಳಿಸಿದರೆ ಈ ಬಾಧೆಯು ಬಹುಮಟ್ಟಿಗೆ ತಪ್ಪುತ್ತದೆ. ದೀರ್ಘಕಾಲದ ಸ್ಟಿರಾಯ್ಡನ್ನೂ ಥಟ್ಟನೆ ನಿಲ್ಲಿಸುವಂತಿಲ್ಲ. ಹಾಗೆಂದು ಸ್ಟಿರಾಯ್ಡ್ ಸೇವಿಸುವವರನ್ನು ವ್ಯಸನಿಯೆಂದು ಯಾರೂ ಕರೆಯುವುದಿಲ್ಲ.

ಮೂರನೆಯದು ವ್ಯಸನ. ಆಹಾರ, ಸ್ನೇಹ, ಸಫಲತೆಗಳಿಂದ ಸಂತೋಷವಾದಾಗ ಮಿದುಳಿನಾಳದ ಒಂದು ನರಮಾರ್ಗದಲ್ಲಿ ಡೋಪಮಿನ್ ಸ್ರವಿಸುತ್ತದೆ. ಅದಕ್ಕೆ ಕಡಿವಾಣ ಹಾಕುವ ಕೋಶಗಳೂ ಉಂಟು. ಓಪಿಯಾಯ್ಡ್ ಆ ಕಡಿವಾಣದ ಕೋಶಗಳನ್ನೇ ನಿದ್ರೆಗೆ ದೂಡುವುದರಿಂದ ಡೋಪಮಿನ್ ಉಕ್ಕುತ್ತದೆ. ಮಿದುಳು ಆ ಉಬ್ಬರವನ್ನೂ, ಅದನ್ನು ತಂದ ಸ್ಥಳ, ಸಂಗ, ಸೂಜಿಗಳನ್ನೂ ನೆನಪಿನಲ್ಲಿ ಕೊರೆದಿಡುತ್ತದೆ. ಕಾಲಕ್ರಮದಲ್ಲಿ ಸಹಜ ಸಂತೋಷಗಳು ಸಪ್ಪೆಯಾಗುತ್ತವೆ. ಸುಖಕ್ಕಾಗಿ ಹಿಡಿದ ಮದ್ದು ದುಃಖ ತಪ್ಪಿಸಿಕೊಳ್ಳುವ ಮದ್ದಾಗುತ್ತದೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಅಸಲು ಎಂದೋ ಕರಗಿ, ಬಡ್ಡಿ ತೀರಿಸಲು ಸಾಲ ಮಾಡುವ ಸ್ಥಿತಿ ಅದು. ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದೇ ವ್ಯಸನದ ಲಕ್ಷಣ.

ಹಾಗಾದರೆ ಮಾರ್ಫಿನ್ ಪಡೆದ ಕ್ಯಾನ್ಸರ್ ರೋಗಿ ವ್ಯಸನಿಯಾಗುವುದಿಲ್ಲವೆ? ಮದ್ದನ್ನು ಮೂಗಿನಿಂದ ಸೇದಿದಾಗ, ನರಕ್ಕೆ ಚುಚ್ಚಿಕೊಂಡಾಗ ಅದು ಕ್ಷಣಗಳಲ್ಲಿ ಮಿದುಳಿಗೆ ನುಗ್ಗುತ್ತದೆ. ಆ ವೇಗವೇ ವ್ಯಸನಕ್ಕೆ ಹಾದಿ. ಬಾಯಿಂದ, ಅಲ್ಪ ಪ್ರಮಾಣದಲ್ಲಿ, ನಾಲ್ಕು ಗಂಟೆಗೊಮ್ಮೆ ಕೊಟ್ಟ ಮಾರ್ಫಿನ್ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ನೋವಿನ ಅಳತೆ ನೋಡಿ ಪ್ರಮಾಣ ಹೊಂದಿಸುವ ವೈದ್ಯರ ಕೈಯಲ್ಲಿ, ಇಂತಹ ರೋಗಿಗಳಲ್ಲಿ ವ್ಯಸನವೂ ಉಸಿರು ನಿಲ್ಲುವ ಅನಾಹುತವೂ ವಿರಳ. ‘ಮಾರ್ಫಿನ್ ಕೊಟ್ಟರೆ ಸಾವು ಬೇಗ ಬರುತ್ತದೆ’ ಎಂಬ ನಂಬಿಕೆಗೂ ಹೀಗೆ ಹದವರಿತು ಕೊಡುವಲ್ಲಿ ಆಧಾರವಿಲ್ಲ. ಆದರೆ ಈ ಮಾತು ಎಲ್ಲ ನೋವಿಗೂ ಅನ್ವಯಿಸದು. ಹಳೆಯ ಬೆನ್ನುನೋವು, ಮಂಡಿನೋವುಗಳಿಗೆ ಓಪಿಯಾಯ್ಡ್ ಇತರ ನೋವುನಿವಾರಕಗಳಿಗಿಂತ ಮಿಗಿಲಲ್ಲವೆಂದು, ಒಂದು ವರ್ಷ ರೋಗಿಗಳನ್ನು ಗಮನಿಸಿ 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ. ಅಲ್ಲಿ ಲಾಭ ಸಂದೇಹಾಸ್ಪದ, ನಷ್ಟ ಖಚಿತ. ಈ ವಿವೇಕವನ್ನು ಗಾಳಿಗೆ ತೂರಿದಾಗ ಏನಾಗುತ್ತದೆಂಬುದನ್ನು ಅಮೆರಿಕದ ಅನುಭವ ಹೇಳುತ್ತದೆ.

ಲೋಭದ ಹಿಂಸೆ

1980ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಕೆಲವೇ ಸಾಲುಗಳ ಪತ್ರವೊಂದು ಪ್ರಕಟವಾಯಿತು. ಆಸ್ಪತ್ರೆಯಲ್ಲಿ ಈ ವರ್ಗದ ಔಷಧ ಪಡೆದ 11,882 ರೋಗಿಗಳಲ್ಲಿ ವ್ಯಸನಕ್ಕೆ ತುತ್ತಾದವರು 4 ಮಂದಿ ಮಾತ್ರವೆಂದು ಅದರಲ್ಲಿತ್ತು. ಆಸ್ಪತ್ರೆಯ ಕಣ್ಗಾವಲಿನ ಈ ಲೆಕ್ಕವನ್ನು, ಮನೆಯಲ್ಲಿ ವರ್ಷಗಟ್ಟಲೆ ನುಂಗುವ ಮಾತ್ರೆಗೂ ಅನ್ವಯಿಸಿ ನೂರಾರು ಲೇಖನಗಳು ಎತ್ತಿಹೇಳಿದವು. 1996ರಲ್ಲಿ ಪರ್ಡ್ಯೂ ಎಂಬ ಕಂಪನಿಯು ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು ಮಾರುಕಟ್ಟೆಗೆ ತಂದು, ನಿಧಾನವಾಗಿ ಕರಗುವುದರಿಂದ ವ್ಯಸನದ ಭಯ ಕಡಿಮೆಯೆಂದು ವೈದ್ಯರನ್ನು ನಂಬಿಸಿತು. ಮಾತ್ರೆಯನ್ನು ಪುಡಿಮಾಡಿದರೆ ಆ ನಿಧಾನವೇ ಉಳಿಯದೆಂಬುದು ಬೀದಿಯ ಜನರಿಗೆ ಬೇಗನೆ ತಿಳಿಯಿತು. 2007ರಲ್ಲಿ ಕಂಪನಿಯ ಕಡೆಯವರು ತಪ್ಪು ಪ್ರಚಾರದ ಅಪರಾಧವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಸುಮಾರು 60 ಕೋಟಿ ಡಾಲರ್ ದಂಡ ತೆರಬೇಕಾಯಿತು. 2020ರಲ್ಲಿ ಕಂಪನಿಯು ಮತ್ತೆ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಮಾತ್ರೆಯಿಂದ ಹೆರಾಯಿನಿಗೆ, ಹೆರಾಯಿನಿನಿಂದ ಕಳ್ಳಸಾಗಣೆಯ ಫೆಂಟನಿಲಿಗೆ ಆ ದೇಶದ ಪ್ರಜೆಗಳು ಜಾರಿದ್ದರು. 2022ರಲ್ಲಿಯೂ 2023ರಲ್ಲಿಯೂ ಅಮೆರಿಕದಲ್ಲಿ ಅತಿಪ್ರಮಾಣದ ಮಾದಕ ಸೇವನೆಯಿಂದ ಸತ್ತವರ ಸಂಖ್ಯೆ ವರ್ಷಕ್ಕೆ 1 ಲಕ್ಷ ಮೀರಿತು; ಅವರಲ್ಲಿ ಸುಮಾರು ಮುಕ್ಕಾಲು ಭಾಗದ ಸಾವುಗಳಲ್ಲಿ ಓಪಿಯಾಯ್ಡ್ ಇತ್ತು.

ಇದು ಪರದೇಶದ ಕಥೆಯೆಂದು ಕೈತೊಳೆದುಕೊಳ್ಳಲು ಭಾರತೀಯ ವರ್ತಕರಿಗೆ ಅಧಿಕಾರವಿಲ್ಲ. ಟಪೆಂಟಡಾಲ್ ಜೊತೆಗೆ ಸ್ನಾಯುಗಳನ್ನು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳು ಭಾರತದಿಂದ ಪಶ್ಚಿಮ ಆಫ್ರಿಕಕ್ಕೆ ಹೋಗಿ ಅಲ್ಲಿನ ತರುಣರನ್ನು ವ್ಯಸನಕ್ಕೆ ದೂಡುತ್ತಿರುವುದು 2025ರ ಫೆಬ್ರುವರಿಯಲ್ಲಿ ಬಯಲಾಯಿತು. ಬಳಿಕವಷ್ಟೇ ಸರಕಾರವು ಆ ಮಿಶ್ರಣದ ತಯಾರಿಕೆ ಮತ್ತು ರಫ್ತಿನ ಅನುಮತಿಗಳನ್ನು ಹಿಂತೆಗೆದುಕೊಂಡಿತು. ಇನ್ನೂ ಹಿಂದಕ್ಕೆ ಹೋದರೆ, 19ನೆಯ ಶತಮಾನದಲ್ಲಿ ಮಾಳವದ ಅಫೀಮು ಮುಂಬಯಿಯ ಬಂದರಿನಿಂದ ಚೀನಾಕ್ಕೆ ಹೋಗುತ್ತಿದ್ದ ಕಾಲದಲ್ಲಿ, ಆ ವ್ಯಾಪಾರದಲ್ಲಿ ಪಾರಸಿ, ಮಾರವಾಡಿ ವರ್ತಕರೊಂದಿಗೆ ಪಶ್ಚಿಮ ಭಾರತದ ಜೈನ ಶ್ರೇಷ್ಠಿಗಳೂ ಪಾಲುದಾರರಾಗಿದ್ದರು. ಅದು ಇತಿಹಾಸ; ಮುಚ್ಚಿಟ್ಟು ಪ್ರಯೋಜನವಿಲ್ಲ. ಚೀನಾದ ಲಕ್ಷಾಂತರ ಮನೆಗಳನ್ನು ಹಾಳುಮಾಡಿದ ಸರಕು ಪೆಟ್ಟಿಗೆಗಟ್ಟಲೆ ಸಾಗಿದಾಗ ಹೆದರದಿದ್ದ ಸಮಾಜವು, ಸಾಯುತ್ತಿರುವ ತಾಯಿಗೆ ಕೊಡುವ ಒಂದು ಮಾತ್ರೆಗೆ ಹೆದರುವುದು ವಿಪರ್ಯಾಸವಲ್ಲದೆ ಇನ್ನೇನು? ಅನರ್ಥದಂಡಗಳಲ್ಲಿ ಹಿಂಸಾದಾನವೆಂಬುದು ಒಂದು; ವಿಷವನ್ನೋ ಆಯುಧವನ್ನೋ ಇನ್ನೊಬ್ಬರ ಕೈಗೆ ಕೊಡುವುದನ್ನು ಶ್ರಾವಕಾಚಾರವು ಈ ಹೆಸರಿನಿಂದ ನಿಷೇಧಿಸಿದೆ. ವೈದ್ಯರ ಚೀಟಿಯಿಲ್ಲದೆ ಟ್ರಮಡಾಲ್ ಪಟ್ಟಿಯನ್ನೋ ಕೋಡೀನ್ ಸಿರಪ್ಪನ್ನೋ ಹುಡುಗರ ಕೈಗೆ ದಾಟಿಸುವ ಔಷಧ ಅಂಗಡಿಯವರಿಗೆ ಈ ನಿಷೇಧ ಅನ್ವಯಿಸದೆ ಹೋಗುವುದೆ?

ಭಯದ ಹಿಂಸೆ

ಅಮೆರಿಕದಲ್ಲಿ ಮಾತ್ರೆಯ ಪ್ರವಾಹವಾದರೆ ಭಾರತದಲ್ಲಿ ಬರಗಾಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದ ಅಫೀಮು ಬೆಳೆಯುತ್ತದೆ. ಘಾಜೀಪುರ ಮತ್ತು ನೀಮಚ್‌ಗಳಲ್ಲಿ ಸರಕಾರದ ಕಾರ್ಖಾನೆಗಳಿವೆ. ಔಷಧಕ್ಕಾಗಿ ಭಾರತದ ಅಫೀಮು ಹೊರದೇಶಗಳಿಗೂ ಹೋಗಿದೆ. ಬೆಳೆಯುವ ದೇಶದ ರೋಗಿಗೆ ಮಾತ್ರ ಅದು ದುರ್ಲಭವಾಯಿತು. 1985ರ ಮಾದಕ ದ್ರವ್ಯ ಕಾಯಿದೆಯು ಕಳ್ಳಸಾಗಣೆಯವರಿಗೆ ಕಠಿಣ ಶಿಕ್ಷೆ ವಿಧಿಸಿತು. ಆದರೆ ಒಂದು ಆಸ್ಪತ್ರೆಯು ಮಾರ್ಫಿನ್ ಇಟ್ಟುಕೊಳ್ಳಲು ಹಲವು ಇಲಾಖೆಗಳ ಹಲವು ಪರವಾನಗಿಗಳು, ಎಲ್ಲವೂ ಒಂದೇ ಕಾಲದಲ್ಲಿ ಊರ್ಜಿತವಾಗಿರಬೇಕಾದ ಪರಿಸ್ಥಿತಿಯೂ ಬಂದಿತು. ಲೆಕ್ಕದಲ್ಲಿ ತಪ್ಪಿದರೆ ಜೈಲು ಎಂಬ ಭಯದಿಂದ ಔಷಧದಂಗಡಿಗಳು ಕೈಬಿಟ್ಟವು. ವೈದ್ಯ ವಿದ್ಯಾರ್ಥಿಗಳು ಅದರ ಬಳಕೆಯನ್ನೇ ಕಲಿಯದೆ ಹೊರಬಂದರು. 1997ರ ವೇಳೆಗೆ ದೇಶದ ಮಾರ್ಫಿನ್ ಬಳಕೆಯು ಶೇಕಡಾ 90ಕ್ಕೂ ಹೆಚ್ಚು ಕುಸಿಯಿತು.

ಇದರಿಂದ ವ್ಯಸನ ನಿಂತಿತೆ? ನಿಲ್ಲಲಿಲ್ಲ. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಭಾರತದಲ್ಲಿ 10ರಿಂದ 75 ವರ್ಷದೊಳಗಿನವರಲ್ಲಿ ಶೇಕಡಾ 2.06 ಮಂದಿ ಓಪಿಯಾಯ್ಡ್ ಬಳಸುವವರು. ಅವರಲ್ಲಿ ಹೆರಾಯಿನ್ ಬಳಸುವವರೇ ಹೆಚ್ಚು. ಕಾಯಿದೆಯ ಬಿಗಿ ಕಳ್ಳರನ್ನು ಕಟ್ಟಿಹಾಕಲಿಲ್ಲ, ರೋಗಿಗಳನ್ನು ಕಟ್ಟಿಹಾಕಿತು. ಜಗತ್ತಿನ ಚಿತ್ರವೂ ಹೀಗೆಯೇ. ವರ್ಷಕ್ಕೆ ಹಂಚಿಕೆಯಾಗುವ, ಮಾರ್ಫಿನ್ ಲೆಕ್ಕದ 298.5 ಟನ್ ಓಪಿಯಾಯ್ಡ್ ಔಷಧಗಳಲ್ಲಿ ಅತಿ ಬಡ ದೇಶಗಳಿಗೆ ಸಿಗುವುದು 0.1 ಟನ್ ಎಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗವು 2017ರಲ್ಲಿ ವರದಿ ಮಾಡಿತು.

ದಾರಿ ತೋರಿದವರೂ ಇದ್ದಾರೆ. 1993ರಲ್ಲಿ ಕೇರಳದ ಕೋಝಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಉಪಶಮನ ಚಿಕಿತ್ಸೆಯ ಸಂಘವನ್ನು ಕಟ್ಟಿ, ಊರಿನ ಸ್ವಯಂಸೇವಕರ ನೆರವಿನಿಂದ ಬಡವರ ಮನೆಬಾಗಿಲಿಗೂ ಮಾರ್ಫಿನ್ ತಲಪುವಂತೆ ಮಾಡಿದರು. 2014ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಮೊದಲಾದ 6 ಔಷಧಗಳನ್ನು ಅತ್ಯಗತ್ಯವೆಂದು ಗುರುತಿಸಿ, ಮಾನ್ಯತೆ ಪಡೆದ ಸಂಸ್ಥೆಗಳಿಗೆ ರಾಜ್ಯದ ಔಷಧ ನಿಯಂತ್ರಣಾಧಿಕಾರಿಯ ಒಂದೇ ಅನುಮತಿ ಸಾಕೆಂಬ ವ್ಯವಸ್ಥೆ ಬಂದಿತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಉಪಶಮನ ಚಿಕಿತ್ಸೆಯುಂಟು. ‘ಕರುಣಾಶ್ರಯ’ವು ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಕಾಯಿದೆಯ ಗಂಟು ಸಡಿಲಿದೆ. ಉಳಿದಿರುವುದು ಮನಸ್ಸಿನ ಗಂಟು.

ಶಾಸ್ತ್ರದ ಹೆಸರಿನಲ್ಲಿ

ಮನಸ್ಸಿನ ಗಂಟಿಗೆ ಶಾಸ್ತ್ರದ ದಾರ ಸುತ್ತುವವರ ವಾದಗಳು ಮೂರು. ಮೊದಲನೆಯದು, ಮದ್ಯತ್ಯಾಗವು ಮೂಲಗುಣವಾದುದರಿಂದ ಮಾರ್ಫಿನ್ ಕೂಡ ತ್ಯಾಜ್ಯವೆಂಬುದು. ಆಚಾರ್ಯರು ಮದ್ಯವನ್ನು ನಿಷೇಧಿಸಿದ್ದು ಎರಡು ಕಾರಣಗಳಿಂದ: ಅದು ಅಸಂಖ್ಯ ಜೀವಗಳ ಉತ್ಪತ್ತಿಸ್ಥಾನ, ಮತ್ತು ಅದು ಚಿತ್ತವನ್ನು ಮೋಹಗೊಳಿಸಿ ಧರ್ಮವನ್ನು ಮರೆಯಿಸುತ್ತದೆ. ಮಾರ್ಫಿನ್ ಮಾತ್ರೆ ಹುಳಿಬರಿಸಿ ಮಾಡಿದ ವಸ್ತುವಲ್ಲ. ಹದವರಿತು ಕೊಟ್ಟರೆ ಅದು ರೋಗಿಯ ಚಿತ್ತವನ್ನು ಕೆಡಿಸದೆ ನೋವನ್ನು ಇಳಿಸುತ್ತದೆ. ಚಿತ್ತವನ್ನು ಕೆಡಿಸುವುದು ಸಹಿಸಲಾಗದ ನೋವು. ಪೀಡಾಚಿಂತನವನ್ನು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಒಂದೆಂದು ಎಣಿಸಿದವರು ಆಚಾರ್ಯರೇ ತಾನೆ? ನೋವಿನಿಂದ ಕಿರುಚುವವರ ಕಿವಿಯಲ್ಲಿ ಣಮೋಕಾರ ಮಂತ್ರ ಹೇಳಿದರೆ ಅದು ಒಳಗೆ ಇಳಿಯಲು ಎಡೆಯೆಲ್ಲಿ?

ಎರಡನೆಯದು, ನೋವು ಅಸಾತವೇದನೀಯ ಕರ್ಮದ ಉದಯವಾದುದರಿಂದ ಅನುಭವಿಸಿಯೇ ತೀರಬೇಕೆಂಬುದು. ಇದೇ ತರ್ಕದಂತೆ ಜ್ವರಕ್ಕೂ ಸಕ್ಕರೆ ಕಾಯಿಲೆಗೂ ಮದ್ದು ಕೂಡದು. ಆದರೆ ಹೀಗೆ ವಾದಿಸುವವರು ತಮ್ಮ ರಕ್ತದೊತ್ತಡದ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಇನ್ನೊಬ್ಬರಲ್ಲಿ ದುಃಖವನ್ನೂ ಆಕ್ರಂದನವನ್ನೂ ಉಂಟುಮಾಡುವುದು ಹೊಸ ಅಸಾತವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದೂ, ಜೀವಿಗಳಲ್ಲಿ ಅನುಕಂಪೆ ಮತ್ತು ದಾನಗಳು ಸಾತವೇದನೀಯಕ್ಕೆ ಕಾರಣವೆಂದೂ ತತ್ತ್ವಾರ್ಥಸೂತ್ರವು ಸ್ಪಷ್ಟವಾಗಿ ತಿಳಿಸಿದೆ. ರೋಗಿಯ ಹಳೆಯ ಸಾಲದ ಲೆಕ್ಕ ನೋಡುವ ಭರದಲ್ಲಿ ಮದ್ದು ತಡೆದವರು ತಮ್ಮ ಖಾತೆಯಲ್ಲಿ ಹೊಸ ಸಾಲ ಬರೆದುಕೊಳ್ಳುತ್ತಿದ್ದಾರೆ.

ಮೂರನೆಯದು, ರೋಗವು ಪರೀಷಹವಾದುದರಿಂದ ಸಹಿಸುವುದೇ ನಿರ್ಜರೆಯೆಂಬುದು. ಪರೀಷಹಜಯವು ಮಾರ್ಗದಿಂದ ಜಾರದಿರಲು ಮುನಿಗಳು ಸ್ವೇಚ್ಛೆಯಿಂದ ಕೈಗೊಳ್ಳುವ ಸಾಧನೆ. ಒಲ್ಲದ ಮನಸ್ಸಿನಿಂದ, ಬೇರೆ ದಾರಿಯಿಲ್ಲದೆ ಅನುಭವಿಸಿದ್ದು ಅಕಾಮನಿರ್ಜರೆ. ಶಾಸ್ತ್ರವು ಅದನ್ನು ತಪಸ್ಸಿನ ಪೀಠದಲ್ಲಿ ಕೂರಿಸಿಲ್ಲ. ಸಲ್ಲೇಖನೆಯ ವಿಚಾರ ಬೇರೆ. ಅಲ್ಲಿ ವ್ರತಿಯು ಎಚ್ಚರದ ಮನಸ್ಸಿನಿಂದ ತಾನೇ ನಿರ್ಧರಿಸುತ್ತಾನೆ. ಯಾವ ರೋಗಿಯೇ ಆಗಲಿ ‘ನನಗೆ ಈ ಮದ್ದು ಬೇಡ’ ಎಂದರೆ ಆ ಮಾತಿಗೆ ಮನ್ನಣೆ ಸಲ್ಲಲೇಬೇಕು. ಆದರೆ ತನ್ನ ನೋವನ್ನು ಸಹಿಸುವ ಹಕ್ಕು ಇನ್ನೊಬ್ಬರ ನೋವನ್ನು ಸಹಿಸುವ ಹಕ್ಕಾಗದು. ಮಗನ ವ್ರತಕ್ಕೆ ತಾಯಿಯ ಮೂಳೆಗಳು ಬೆಲೆ ತೆರಬೇಕೆಂದು ಯಾವ ಆಗಮವೂ ಹೇಳಿಲ್ಲ.

ಆಗಬೇಕಾದದ್ದು

ಮೊದಲ ಕರ್ತವ್ಯ ಕುಟುಂಬಗಳದು. ವೈದ್ಯರು ಮಾರ್ಫಿನ್ ಬರೆದಾಗ ಹೆದರುವ ಬದಲು ಪ್ರಮಾಣ, ಹೊತ್ತು, ಮಲಬದ್ಧತೆಯ ಮದ್ದು, ಅತಿಯಾದರೆ ಕಾಣುವ ಚಿಹ್ನೆ ಇವನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಎಬ್ಬಿಸಿದರೂ ಏಳದ ನಿದ್ರೆ, ನಿಧಾನವಾದ ಉಸಿರು, ಸೂಜಿಮೊನೆಯ ಪಾಪೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆಯನ್ನು ಬೀಗದೊಳಗಿಟ್ಟು ಎಣಿಸಬೇಕು. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಕೊಡಬಾರದು. ಉಳಿದದ್ದನ್ನು ಆಸ್ಪತ್ರೆಗೆ ಹಿಂತಿರುಗಿಸಬೇಕು. ಬೆನ್ನುನೋವಿಗೆ, ಕೆಮ್ಮಿಗೆ ಅಂಗಡಿಯಿಂದ ಕೇಳಿ ತರುವ ಪದ್ಧತಿಯನ್ನು ಇಂದೇ ಬಿಡಬೇಕು.

ಎರಡನೆಯದು ವ್ಯಸನಕ್ಕೆ ಬಿದ್ದ ಮನೆಮಕ್ಕಳ ವಿಚಾರ. ಮರ್ಯಾದೆಗೆ ಅಂಜಿ ಕೋಣೆಯಲ್ಲಿ ಕೂಡಿಹಾಕುವುದು, ಹೊಡೆಯುವುದು, ಆಣೆ ಮಾಡಿಸುವುದು ಚಿಕಿತ್ಸೆಯಲ್ಲ. ಕೆಲವು ವಾರ ಬಿಟ್ಟಿದ್ದವರ ದೇಹದಲ್ಲಿ ಸಹನಶಕ್ತಿ ಇಳಿದಿರುತ್ತದೆ. ಮತ್ತೆ ಹಳೆಯ ಪ್ರಮಾಣ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಬಲವಂತದ ‘ಬಿಡಿಸುವಿಕೆ’ಯ ನಂತರವೇ ಸಾವಿನ ಭಯ ಹೆಚ್ಚು. ಬುಪ್ರಿನಾರ್ಫಿನ್ ಗ್ರಾಹಿಯನ್ನು ಭಾಗಶಃ ಮಾತ್ರ ಪ್ರಚೋದಿಸಿ, ಬಾಧೆಯನ್ನು ತಡೆದು, ಮೋಹವನ್ನು ತಗ್ಗಿಸುತ್ತದೆ; ದೀರ್ಘಕಾಲ ಕ್ರಮವಾಗಿ ಸೇವಿಸಿದವರಲ್ಲಿ ಸಾವು ಕಡಿಮೆಯೆಂಬುದು ಸಿದ್ಧವಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ‘ಒಂದು ನಶೆಗೆ ಇನ್ನೊಂದು ನಶೆ’ ಎಂದು ಮೂದಲಿಸುವವರು, ಉಸಿರಿರುವ ಮಗನನ್ನು ಮಾತ್ರ ತಿದ್ದಲು ಸಾಧ್ಯವೆಂಬುದನ್ನು ಮರೆಯಬಾರದು.

ಮೂರನೆಯದು ಬಸದಿಗಳ ಮತ್ತು ಟ್ರಸ್ಟುಗಳ ಹೊಣೆ. ಆಹಾರ, ಅಭಯ, ಶಾಸ್ತ್ರಗಳೊಂದಿಗೆ ಔಷಧದಾನವನ್ನೂ ಚತುರ್ವಿಧ ದಾನಗಳಲ್ಲಿ ಎಣಿಸಿದ ಪರಂಪರೆಯಿದು. ಪಂಚಕಲ್ಯಾಣದ ಬೋಲಿಗಳಿಗೆ ಹರಿಯುವ ಹಣದಲ್ಲಿ ಒಂದು ಅಂಶವನ್ನು ತೆಗೆದಿರಿಸಿದರೆ, ಜಿಲ್ಲೆಗೊಬ್ಬ ವೈದ್ಯರನ್ನೂ ಇಬ್ಬರು ದಾದಿಯರನ್ನೂ ಉಪಶಮನ ಚಿಕಿತ್ಸೆಯಲ್ಲಿ ತರಬೇತಿಗೊಳಿಸಬಹುದು. ಟ್ರಸ್ಟಿನ ಆಸ್ಪತ್ರೆಗೆ ಮಾನ್ಯತೆ ಪಡೆದು ಮಾರ್ಫಿನ್ ಇರಿಸಬಹುದು. ಮನೆಮನೆಗೆ ಹೋಗುವ ವಾಹನವೊಂದನ್ನು ನಡೆಸಬಹುದು. ಆಸ್ಪತ್ರೆ ನಡೆಸುವ ಪ್ರತಿಯೊಂದು ಟ್ರಸ್ಟಿನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ‘ನಮ್ಮಲ್ಲಿ ಮಾರ್ಫಿನ್ ಇದೆಯೆ? ಇಲ್ಲವಾದರೆ ಏಕಿಲ್ಲ?’ ಎಂಬ ಒಂದು ಪ್ರಶ್ನೆ ಇರಲಿ.

ಪ್ರಮಾದದಿಂದ ಪ್ರಾಣಗಳಿಗೆ ಬಾಧೆಯುಂಟುಮಾಡುವುದು ಹಿಂಸೆಯೆಂದು ಜೈನಧರ್ಮವು ಲಕ್ಷಣ ಹೇಳಿದೆ. ಎಚ್ಚರಗೇಡಿಯಾಗಿ ಮಾರುವವರೂ ಪ್ರಮತ್ತರು, ವಿಚಾರಿಸದೆ ತಡೆಯುವವರೂ ಪ್ರಮತ್ತರು. ಇರುವೆ ತುಳಿಯದಂತೆ ನೆಲ ನೋಡಿ ನಡೆಯುವ ಸಮಾಜವು, ತನ್ನ ಮನೆಯ ಒಳಕೋಣೆಯಿಂದ ಬರುವ ನರಳಿಕೆಯನ್ನೂ ಅಷ್ಟೇ ಎಚ್ಚರದಿಂದ ಕೇಳಿಸಿಕೊಳ್ಳುವುದು ಅಹಿಂಸೆಯ ಕನಿಷ್ಠ ಬೇಡಿಕೆ.